ಇರುವೆ ಮತ್ತು ಮರ: ಪ್ರತಿ ತಲೆಮಾರಿಗೂ ಹೊಸದಾಗಿ ಕುದುರುವ ಕರಾರು

ಕೀನ್ಯಾ ದೇಶದ ಲೈಕಿಪಿಯಾ ಬಯಲು. ಹಸಿದ ಆನೆಯೊಂದು ಮುಳ್ಳುಮರದ ಹತ್ತಿರ ಬರುತ್ತದೆ. ಮರ ದೊಡ್ಡದೇನಲ್ಲ. ಆನೆ ಮನಸ್ಸು ಮಾಡಿದರೆ ಬುಡಸಮೇತ ಕಿತ್ತು ಹಾಕಬಹುದು. ಆದರೆ ಅದು ಸೊಂಡಿಲು ಚಾಚಿ ಒಮ್ಮೆ ಮೂಸುತ್ತದೆ, ಹಿಂದಕ್ಕೆ ಎಳೆದುಕೊಳ್ಳುತ್ತದೆ, ಬೇರೆ ಜಾತಿಯ ಮರ ಹುಡುಕಿಕೊಂಡು ಹೋಗಿಬಿಡುತ್ತದೆ. ಅಷ್ಟು ದೊಡ್ಡ ಪ್ರಾಣಿಯನ್ನು ಹಿಂದಕ್ಕೆ ಕಳಿಸಿದ್ದು ಆ ಮರದಲ್ಲಿ ವಾಸ ಮಾಡುವ ಇರುವೆಗಳು. ಒಂದೊಂದರ ತೂಕ ಕೆಲವೇ ಮಿಲಿಗ್ರಾಂ. ಆದರೆ ಸೊಂಡಿಲಿನ ಒಳಗಿನ ಚರ್ಮ ತುಂಬಾ ಮೆತ್ತಗಿನದು. ಅಲ್ಲಿ ನೂರಾರು ಇರುವೆಗಳು ಒಟ್ಟಿಗೆ ಕಚ್ಚಿದರೆ ಆನೆಗೂ ತಡೆಯಲಾಗುವುದಿಲ್ಲ.

ಈ ಮರದ ಹೆಸರು ವಾಚೆಲಿಯಾ ಡ್ರೆಪನೊಲೋಬಿಯಂ. ಜಾಲಿ ಮರದ ಬಳಗದ್ದು. ಇದರ ಕೆಲವು ಮುಳ್ಳುಗಳ ಬುಡ ಗುಂಡಗೆ ಊದಿಕೊಂಡಿರುತ್ತದೆ, ಒಳಗೆ ಪೊಳ್ಳು. ಇರುವೆಗಳು ಅದಕ್ಕೆ ತೂತು ಕೊರೆದು ಒಳಗೆ ಸಂಸಾರ ಮಾಡುತ್ತವೆ. ಗಾಳಿ ಬೀಸಿದಾಗ ಆ ತೂತುಗಳಿಂದ ಸಣ್ಣ ಶಿಳ್ಳೆ ಕೇಳಿಸುತ್ತದೆ. ಅದಕ್ಕೇ ಇದನ್ನು ಶಿಳ್ಳೆಮುಳ್ಳಿನ ಮರ ಎಂದು ಕರೆಯುವುದು. ಎಲೆಯ ಬುಡದಲ್ಲಿ ಮರವೇ ಸಿಹಿರಸ ಜಿನುಗಿಸುತ್ತದೆ. ಮನೆ ಮರದ್ದು, ಊಟ ಮರದ್ದು, ಕಾವಲು ಇರುವೆಯದು.

2010ರಲ್ಲಿ ಜೇಕಬ್ ಗೋಹೀನ್ ಮತ್ತು ಟಾಡ್ ಪಾಮರ್ ಇದನ್ನು ಸರಳವಾಗಿ ಪರೀಕ್ಷೆ ಮಾಡಿ ತೋರಿಸಿದರು. ಇರುವೆ ತೆಗೆದ ಶಿಳ್ಳೆಮುಳ್ಳಿನ ಕೊಂಬೆಗಳನ್ನು ಆನೆಗಳ ಮುಂದೆ ಇಟ್ಟರು. ಆನೆಗಳು ಖುಷಿಯಾಗಿ ತಿಂದವು. ಆನೆಗೆ ಇಷ್ಟವಾದ ಬೇರೆ ಮರದ ಕೊಂಬೆಯ ಮೇಲೆ ಇರುವೆ ಬಿಟ್ಟರು. ಅದನ್ನು ಮುಟ್ಟಲಿಲ್ಲ. ಅಂದರೆ ಮರದ ರುಚಿಯಲ್ಲಿ ಏನೂ ದೋಷವಿರಲಿಲ್ಲ. ಅದನ್ನು ಉಳಿಸಿದ್ದು ಇರುವೆ ಮಾತ್ರ.

ಈಗ ಅದೇ ಬಯಲಿನಲ್ಲಿ ಈ ವ್ಯವಸ್ಥೆ ಕುಸಿಯುತ್ತಿದೆ. 2000ದ ನಂತರ ಅಲ್ಲಿಗೆ ಹೊರಗಿನ ಇರುವೆಯೊಂದು ಬಂದಿದೆ. ಹೆಸರು ದೊಡ್ಡತಲೆ ಇರುವೆ. ಜನರ ಸರಕು ಸಾಗಣೆಯ ಜೊತೆ ಜಗತ್ತಿನ ಉಷ್ಣವಲಯದ ಉದ್ದಗಲಕ್ಕೂ ಹಬ್ಬಿದ ಜಾತಿ ಇದು. ನೆಲದಲ್ಲಿ ಗೂಡು ಕಟ್ಟುತ್ತದೆ, ಮರ ಹತ್ತಿ ಕಾವಲು ಇರುವೆಗಳನ್ನು ಕೊಂದು ಅವುಗಳ ಮೊಟ್ಟೆ ಮರಿಗಳನ್ನು ತಿನ್ನುತ್ತದೆ. ಆಮೇಲೆ ಮರವನ್ನು ಕಾಯುವುದಿಲ್ಲ. ಇದು ಹಬ್ಬಿದ ಜಾಗಗಳಲ್ಲಿ ಆನೆಗಳು ಮರ ಮುರಿಯುವ ಪ್ರಮಾಣ ಐದರಿಂದ ಏಳು ಪಟ್ಟು ಏರಿದೆ.

2024ರ ಜನವರಿಯಲ್ಲಿ ಡಗ್ಲಸ್ ಕಮಾರು ಮತ್ತು ಸಂಗಡಿಗರು ಇದರ ಮುಂದಿನ ಕೊಂಡಿಯನ್ನು ಬಿಡಿಸಿಟ್ಟರು. ಮರ ಹೋದರೆ ಬಯಲು ತೆರೆದುಕೊಳ್ಳುತ್ತದೆ. ಬಯಲು ತೆರೆದರೆ ಹೊಂಚು ಹಾಕುವ ಸಿಂಹಕ್ಕೆ ಮರೆ ಸಿಗುವುದಿಲ್ಲ. ಜೀಬ್ರಾ ದೂರದಿಂದಲೇ ನೋಡಿ ಓಡುತ್ತದೆ. ಓಲ್ ಪೆಜೆಟಾ ಎಂಬ ರಕ್ಷಿತ ಪ್ರದೇಶದಲ್ಲಿ 2003ರಲ್ಲಿ ಸಿಂಹಗಳ ಬೇಟೆಯಲ್ಲಿ ಜೀಬ್ರಾದ ಪಾಲು ಶೇಕಡ 67 ಇತ್ತು. 2020ಕ್ಕೆ ಅದು ಶೇಕಡ 42ಕ್ಕೆ ಇಳಿಯಿತು. ಶೂನ್ಯದಲ್ಲಿದ್ದ ಕಾಡೆಮ್ಮೆಯ ಪಾಲು ಶೇಕಡ 42ಕ್ಕೆ ಏರಿತು. ಸಿಂಹಗಳ ಸಂಖ್ಯೆ ಸದ್ಯಕ್ಕೆ ಕಡಿಮೆಯಾಗಿಲ್ಲ. ಆದರೆ ಕಾಡೆಮ್ಮೆ ಬೇಟೆ ಸುಲಭದ್ದಲ್ಲ. ಅದಕ್ಕೆ ಜಾಸ್ತಿ ಸಿಂಹಗಳು ಸೇರಬೇಕು, ಕೊಂಬಿನ ತಿವಿತಕ್ಕೆ ಪ್ರಾಣವೂ ಹೋಗಬಹುದು.

ಇರುವೆಯಿಂದ ಸಿಂಹದವರೆಗಿನ ಈ ಸರಪಳಿ ಸುದ್ದಿಯಾಯಿತು, ಆಗಬೇಕಾದದ್ದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಹಿಂದಿನ ಪ್ರಶ್ನೆ. ಲಕ್ಷಾಂತರ ವರ್ಷ ನಡೆದು ಬಂದ ಒಡನಾಟ ಇಪ್ಪತ್ತೇ ವರ್ಷಗಳಲ್ಲಿ ಹೇಗೆ ಕುಸಿಯಿತು? ಹಳೆಯದು ಗಟ್ಟಿಯಾಗಿರಬೇಕು ಅಲ್ವಾ? ಇದಕ್ಕೆ ಉತ್ತರ ಈ ಒಡನಾಟ ಹುಟ್ಟಿ ಬೆಳೆದ ರೀತಿಯಲ್ಲೇ ಇದೆ.

ಮುಳ್ಳಿನೊಳಗಿನ ಮನೆ

ಮಧ್ಯ ಅಮೆರಿಕದಲ್ಲಿ ಬೆಳೆಯುವ ಇನ್ನೊಂದು ಜಾಲಿಯನ್ನು ಹತ್ತಿರದಿಂದ ನೋಡೋಣ. ಇದರ ಮುಳ್ಳುಗಳು ಜೋಡಿಯಾಗಿ, ಗೂಳಿಯ ಕೊಂಬಿನ ಹಾಗೆ ಬಾಗಿ ಬೆಳೆಯುತ್ತವೆ. ಎಳೆ ಮುಳ್ಳು ಹಸಿರು, ಮೆತ್ತಗೆ. ಆಗಲೇ ಇರುವೆ ಒಂದು ಮುಳ್ಳಿನ ತುದಿಯ ಹತ್ತಿರ ತೂತು ಕೊರೆದು, ಒಳಗಿನ ಮೆದು ತಿರುಳನ್ನು ತೆಗೆದು ಹಾಕುತ್ತದೆ. ಎರಡು ಕೊಂಬುಗಳ ನಡುವಿನ ಗೋಡೆಯನ್ನೂ ಕೊರೆಯುತ್ತದೆ. ಹಾಗಾಗಿ ಒಂದೇ ಬಾಗಿಲಿಗೆ ಎರಡು ಕೋಣೆ. ಮುಳ್ಳು ಬಲಿತು ಗಟ್ಟಿಯಾದ ಮೇಲೆ ಆ ಮನೆಗೆ ಮಳೆ ಬಿಸಿಲಿನ ಭಯವಿಲ್ಲ.

ಎಲೆಯ ತೊಟ್ಟಿನ ಮೇಲೆ ಸಿಹಿರಸದ ಬಟ್ಟಲುಗಳಿವೆ. ಎಳೆಯ ಎಲೆದಳಗಳ ತುದಿಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಹಳದಿ ಗುಳಿಗೆಗಳಿವೆ. ಅದರ ತುಂಬ ಪ್ರೋಟೀನು ಮತ್ತು ಕೊಬ್ಬು. ಗಿಡಕ್ಕೆ ಅದರಿಂದ ಬೇರೆ ಯಾವ ಕೆಲಸವೂ ಇಲ್ಲ. ಇರುವೆ ಅದನ್ನು ಕಿತ್ತು ಮುಳ್ಳಿನೊಳಗೆ ತಂದು, ಚೂರು ಮಾಡಿ ಮರಿಗಳಿಗೆ ಕೊಡುತ್ತದೆ. ಇರುವೆ ಮರಿಯ ಬಾಯಿಯ ಕೆಳಗೆ ಸಣ್ಣ ಚೀಲವಿದೆ. ಆಹಾರದ ಚೂರನ್ನು ಅದರೊಳಗೆ ತುರುಕುತ್ತಾರೆ ದಾದಿಯರು. ಮರಿ ತಲೆ ಬಗ್ಗಿಸಿಕೊಂಡು ತಿನ್ನುತ್ತಾ ಮಲಗಿರುತ್ತದೆ.

ಈ ಗುಳಿಗೆಗಳಿಗೆ ಥಾಮಸ್ ಬೆಲ್ಟ್ ಹೆಸರಿದೆ. ನಿಕರಾಗುವಾದ ಚಿನ್ನದ ಗಣಿಯಲ್ಲಿ ಎಂಜಿನಿಯರ್ ಆಗಿದ್ದ ಈತ, ಇರುವೆಗಳು ಮರದ ಕಾಯಂ ಸೈನ್ಯ ಎಂದು 1874ರಲ್ಲಿ ಬರೆದ. ಮರ ಅವಕ್ಕೆ ಮನೆ, ಊಟ ಕೊಟ್ಟು ಸಾಕಿಕೊಂಡಿದೆ ಎಂದ. ಬಹಳ ಜನ ಒಪ್ಪಲಿಲ್ಲ. ನಾಯಿಗೆ ಚಿಗಟದ ಅಗತ್ಯ ಎಷ್ಟೋ ಮರಕ್ಕೆ ಇರುವೆಯ ಅಗತ್ಯವೂ ಅಷ್ಟೇ ಎಂಬ ಮಾತೂ ಓಡಾಡುತ್ತಿತ್ತು. ಇರುವೆ ಸುಮ್ನೆ ಸಿಕ್ಕ ಜಾಗದಲ್ಲಿ ಸೇರಿಕೊಂಡಿದೆ, ಅದಕ್ಕೆ ಇಲ್ಲದ ಕಥೆ ಕಟ್ಟಬೇಡಿ ಎಂಬ ಅನುಮಾನ ಅದು. ಆ ಅನುಮಾನ ತಪ್ಪೇನಲ್ಲ. ನೋಡಿದ್ದನ್ನೆಲ್ಲ ನಂಬದೆ ಪರೀಕ್ಷೆ ಕೇಳುವುದೇ ಸರಿ.

ಪರೀಕ್ಷೆ ಮಾಡಿದ್ದು ಡೇನಿಯಲ್ ಜಾನ್ಜೆನ್, 1960ರ ದಶಕದಲ್ಲಿ, ಮೆಕ್ಸಿಕೋದಲ್ಲಿ. ಕೆಲವು ಮರಗಳ ಇರುವೆಗಳನ್ನು ತೆಗೆದ, ಪಕ್ಕದ ಮರಗಳನ್ನು ಹಾಗೇ ಬಿಟ್ಟ. ಇರುವೆ ಇಲ್ಲದ ಮರಗಳ ಚಿಗುರನ್ನು ಹುಳ ಮುಕ್ಕಿದವು. ಬಳ್ಳಿ ಹಬ್ಬಿ ಬೆಳಕು ಮುಚ್ಚಿತು. ಇರುವೆ ಇದ್ದ ಮರಗಳು ಸೊಂಪಾಗಿ ಬೆಳೆದವು. ಅಲ್ಲಿ ಇರುವೆಗಳು ಹಗಲು ರಾತ್ರಿ ಗಸ್ತು ತಿರುಗುತ್ತಿದ್ದವು. ಮುಟ್ಟಲು ಬಂದ ಬಳ್ಳಿಯ ಕುಡಿಯನ್ನು ಕಚ್ಚಿ ಹಾಕುತ್ತಿದ್ದವು, ಬುಡದ ಸುತ್ತ ಮೊಳೆತ ಬೇರೆ ಗಿಡಗಳನ್ನೂ ಬಿಡುತ್ತಿರಲಿಲ್ಲ. 1966ರಲ್ಲಿ ಪ್ರಕಟವಾದ ಈ ಕೆಲಸದ ನಂತರ ಬೆಲ್ಟ್ ಹೇಳಿದ್ದು ಹೌದು ಎಂದು ಎಲ್ಲರೂ ಒಪ್ಪಿದರು.

ಊಟ ಮೊದಲು, ಮನೆ ಆಮೇಲೆ

ಇಷ್ಟು ಹೊಂದಿಕೊಂಡಿರುವ ಜೋಡಿಯನ್ನು ನೋಡಿದಾಗ ಒಂದೇ ಏಟಿಗೆ ಆದದ್ದು ಅನ್ನಿಸುತ್ತದೆ. ಹಾಗೆ ಆಗಿಲ್ಲ. ಇರುವೆಗಳು ಭೂಮಿಗೆ ಬಂದು ಹತ್ತು ಕೋಟಿ ವರ್ಷಗಳಿಗೂ ಜಾಸ್ತಿಯಾಗಿದೆ. ಮರದೊಳಗೆ ಮನೆ ಮಾಡಿದ್ದು ಅದರ ಮುಂದೆ ತೀರಾ ಇತ್ತೀಚಿನದು. 2018ರಲ್ಲಿ ಮ್ಯಾಥ್ಯೂ ನೆಲ್ಸನ್, ರಿಚರ್ಡ್ ರೀ ಮತ್ತು ಕೋರಿ ಮೊರೋ 1,700ಕ್ಕೂ ಹೆಚ್ಚು ಇರುವೆ ಜಾತಿಗಳ ವಂಶವೃಕ್ಷವನ್ನು ಹರಡಿ ನೋಡಿದರು. ಕ್ರಮ ಸ್ಪಷ್ಟವಾಗಿತ್ತು. ಮೊದಲು ಇರುವೆಗಳು ಆಹಾರ ಹುಡುಕಲು ನೆಲ ಬಿಟ್ಟು ಗಿಡ ಹತ್ತಿದವು. ಆಮೇಲೆ ಗಿಡದಿಂದ ಸಿಗುವುದನ್ನೇ ತಿನ್ನತೊಡಗಿದವು. ಗಿಡದಲ್ಲೇ ವಾಸ ಮಾಡಿದ್ದು ಕೊನೆಗೆ.

ಗಿಡಗಳ ಕಡೆಯಿಂದಲೂ ಹಾಗೇ. ಹೂವಿನ ಹೊರಗೆ, ಎಲೆಯಲ್ಲೋ ತೊಟ್ಟಿನಲ್ಲೋ ಸಿಹಿರಸ ಜಿನುಗಿಸುವ ಗಿಡಗಳು ಸುಮಾರು 4,000 ಜಾತಿ ಇವೆ, ನೂರಕ್ಕೂ ಹೆಚ್ಚು ಕುಟುಂಬಗಳಲ್ಲಿ. ಇವುಗಳಲ್ಲಿ ಬಹುಪಾಲು ಯಾರಿಗೂ ಮನೆ ಕೊಡುವುದಿಲ್ಲ. ದಾರಿಯಲ್ಲಿ ಹೋಗುವ ಇರುವೆಗೆ ಒಂದು ತೊಟ್ಟು ಸಿಹಿ, ಅದು ಕುಡಿದು ಹೋಗುವಷ್ಟು ಹೊತ್ತು ಎಲೆಯ ಮೇಲೆ ಒಬ್ಬ ಕಾವಲುಗಾರ. ದಿನಗೂಲಿ ಲೆಕ್ಕ. ಮನೆ ಕೊಟ್ಟು ಕಾಯಂ ಆಗಿ ಇಟ್ಟುಕೊಳ್ಳುವ ಗಿಡಗಳು ತೀರಾ ಕಡಿಮೆ. ಗುಯಾಮ್ ಶೊಮಿಕಿ ಮತ್ತು ಸುಸಾನ್ ರೆನ್ನರ್ 2015ರಲ್ಲಿ ಅಂಥ 681 ಜಾತಿಗಳನ್ನು ಪಟ್ಟಿ ಮಾಡಿದರು.

ಅವರ ಲೆಕ್ಕದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ ಎರಡು ಸಂಖ್ಯೆಗಳಿವೆ. ಇರುವೆಗೆ ಮನೆ ಕೊಡುವ ಗುಣ ಗಿಡಗಳಲ್ಲಿ ಕನಿಷ್ಠ 158 ಸಲ ಬೇರೆ ಬೇರೆಯಾಗಿ ಹುಟ್ಟಿದೆ. 43 ಸಲ ಕಳೆದುಹೋಗಿದೆ. ಅಂದರೆ ಈ ಒಡನಾಟ ಒಂದೇ ಸಲ ಹುಟ್ಟಿ ಕವಲೊಡೆದು ಬೆಳೆದದ್ದಲ್ಲ. ಸಂದರ್ಭ ಕೂಡಿಬಂದ ಕಡೆಯೆಲ್ಲ ಮತ್ತೆ ಮತ್ತೆ ಹುಟ್ಟಿದೆ. ಸಂದರ್ಭ ತಪ್ಪಿದ ಕಡೆ ಬಿಟ್ಟುಹೋಗಿದೆ. ದಕ್ಷಿಣ ಅಮೆರಿಕ ಮತ್ತು ಆಸ್ಟ್ರೇಲಿಯಾದ ಕಡೆ ಇದು ಸುಮಾರು 2 ಕೋಟಿ ವರ್ಷಗಳ ಈಚೆಗೆ ಶುರುವಾಗಿದೆ. ಆಫ್ರಿಕಾದಲ್ಲಿ ಇನ್ನೂ ತಡವಾಗಿ. ಮಧ್ಯ ಅಮೆರಿಕದ ಗೂಳಿಕೊಂಬಿನ ಜಾಲಿಯ ಕಥೆ ಸುಮಾರು 50 ಲಕ್ಷ ವರ್ಷಗಳದ್ದು.

ಹಾಗಾದರೆ ಮೊದಲ ಮನೆ ಹೇಗೆ ಬಂತು? ಇರುವೆಗಾಗಿ ಯಾರೂ ಹೊಸದಾಗಿ ಏನನ್ನೂ ಕಂಡುಹಿಡಿಯಲಿಲ್ಲ. ಎಷ್ಟೋ ಮರಗಳ ಎಳೆ ಕೊಂಬೆಯಲ್ಲಿ ತಿರುಳು ಮೆತ್ತಗಿರುತ್ತದೆ ಅಥವಾ ಟೊಳ್ಳು ಇರುತ್ತದೆ. ಗೂಳಿಕೊಂಬಿನ ಜಾಲಿಯಲ್ಲಿರುವ ಇರುವೆಗಳ ದೂರದ ನೆಂಟರು ಇವತ್ತಿಗೂ ಒಣಗಿದ ಕಡ್ಡಿಗಳ ಪೊಳ್ಳಿನಲ್ಲಿ ಗೂಡು ಮಾಡುತ್ತವೆ. ಒಣ ಕಡ್ಡಿಯಿಂದ ಹಸಿ ಕೊಂಬೆಗೆ ದೊಡ್ಡ ದೂರವೇನಿಲ್ಲ. ಮರದ ಹಳೆಯ ಸಲಕರಣೆಯೂ ಹೀಗೇ ಹೊಸ ಕೆಲಸಕ್ಕೆ ಬಂದಿದೆ. ಎಳೆಯ ಜಾಲಿ ಸಸಿಗೆ ಊದಿದ ಮುಳ್ಳು ಇರುವುದಿಲ್ಲ. ಸ್ವಲ್ಪ ಬೆಳೆದ ಮೇಲೆ ಮುಳ್ಳು, ಸಿಹಿರಸ, ಗುಳಿಗೆ ಎಲ್ಲವೂ ಕಾಣಿಸಿಕೊಳ್ಳುತ್ತವೆ. 2019ರಲ್ಲಿ ಆರನ್ ಲೈಕ್ಟಿ ಮತ್ತು ಸ್ಕಾಟ್ ಪೋಥಿಗ್ ಇದರ ಹಿಂದಿನ ಕೀಲಿಯನ್ನು ತೋರಿಸಿದರು. ಯಾವುದೇ ಗಿಡ ಬಾಲ್ಯದಿಂದ ಪ್ರಾಯಕ್ಕೆ ಬರುವುದನ್ನು ನಿಯಂತ್ರಿಸುವ ಹಳೆಯ ಅಣು ಗಡಿಯಾರವೇ ಇಲ್ಲಿ ಇರುವೆಯ ಸಂಬಳವನ್ನೂ ಶುರು ಮಾಡುತ್ತದೆ.

ಬೀಜದ ಜೊತೆ ಇರುವೆ ಬರುವುದಿಲ್ಲ

ಈಗ ಇಡೀ ವಿಷಯದ ಗಂಟಿಗೆ ಬಂದೆವು. ಮರದ ಬೀಜವನ್ನು ಹಕ್ಕಿ ಒಯ್ದು ಎಲ್ಲೋ ಬೀಳಿಸುತ್ತದೆ. ಆ ಬೀಜದ ಜೊತೆ ಒಂದು ಇರುವೆಯೂ ಹೋಗುವುದಿಲ್ಲ. ಇರುವೆ ಗೂಡಿನಿಂದ ಹೊಸ ರಾಣಿ ರೆಕ್ಕೆ ಬಿಚ್ಚಿ ಹಾರುತ್ತದೆ. ಆ ರಾಣಿಯ ಜೊತೆ ಮರದ ಬೀಜ ಇರುವುದಿಲ್ಲ. ಸಸಿ ಒಂಟಿಯಾಗಿ ಬೆಳೆಯಬೇಕು, ರಾಣಿ ಒಂಟಿಯಾಗಿ ಹುಡುಕಬೇಕು. ಇಬ್ಬರೂ ಸಿಕ್ಕರೆ ರಾಣಿ ಮುಳ್ಳು ಕೊರೆದು ಒಳಗೆ ಹೋಗಿ ಮೊಟ್ಟೆ ಇಡುತ್ತದೆ. ಮೊದಲ ಮಕ್ಕಳು ದೊಡ್ಡವರಾಗುವವರೆಗೆ ತಾನೇ ಹೊರಗೆ ಹೋಗಿ ಆಹಾರ ತರುತ್ತದೆ. ಅಷ್ಟು ದಿನ ಮರಕ್ಕೆ ಕಾವಲಿಲ್ಲ.

ತಾಯಿಯಿಂದ ಮಗುವಿಗೆ ಹೋಗುವ ಒಡನಾಟಗಳೂ ಜೀವಲೋಕದಲ್ಲಿವೆ. ಕೆಲವು ಕೀಟಗಳ ಹೊಟ್ಟೆಯ ಬ್ಯಾಕ್ಟೀರಿಯಾ ಮೊಟ್ಟೆಯ ಜೊತೆಗೇ ಮುಂದಿನ ತಲೆಮಾರಿಗೆ ಸಾಗುತ್ತವೆ. ಅಲ್ಲಿ ಇಬ್ಬರ ಹಣೆಬರಹ ಒಂದೇ. ಒಬ್ಬರು ಮೋಸ ಮಾಡಿದರೆ ಇಬ್ಬರೂ ಮುಳುಗುತ್ತಾರೆ. ಇರುವೆ ಮತ್ತು ಮರಕ್ಕೆ ಆ ಭರವಸೆ ಇಲ್ಲ. ಮರ ಹೂ ಬಿಟ್ಟು ಬೀಜ ಮಾಡಿದರೆ ಅದರಲ್ಲಿರುವ ಇರುವೆಗೆ ನೇರ ಲಾಭ ಏನೂ ಇಲ್ಲ. ಹೂವಿಗೆ ಖರ್ಚಾಗುವ ಶಕ್ತಿ ಹೊಸ ಕೊಂಬೆಗೆ, ಹೊಸ ಮುಳ್ಳಿಗೆ ಹೋದರೆ ಇರುವೆಗೆ ಲಾಭ. ಇಲ್ಲಿ ಹಿತಾಸಕ್ತಿ ಕವಲಾಗುತ್ತದೆ. ಪ್ರತಿ ತಲೆಮಾರಿನಲ್ಲೂ ಕರಾರು ಹೊಸದಾಗಿ ಕುದುರಬೇಕು, ಪ್ರತಿ ಸಲವೂ ಮೋಸಕ್ಕೆ ಜಾಗ ಇದೆ.

ಮೋಸ ನಡೆಯುತ್ತದೆ ಕೂಡ. ಗೂಳಿಕೊಂಬಿನ ಜಾಲಿಯಲ್ಲೇ ಸ್ಯೂಡೋಮಿರ್ಮೆಕ್ಸ್ ನಿಗ್ರೊಪಿಲೋಸಸ್ ಎಂಬ ಇರುವೆ ಸೇರಿಕೊಳ್ಳುತ್ತದೆ. ಅದೇ ಮನೆ, ಅದೇ ಊಟ. ಕಾವಲು ಮಾತ್ರ ಇಲ್ಲ. ಅದೇ ಮರಗಳಲ್ಲಿ ಬಘೀರಾ ಕಿಪ್ಲಿಂಗಿ ಎಂಬ ಜಿಗಿಯುವ ಜೇಡ ಕೂಡ ಇದೆ. ಜೇಡಗಳು ಬೇಟೆಗಾರರು, ಆದರೆ ಇದು ಕಾವಲು ಇರುವೆಗಳ ಕಣ್ಣು ತಪ್ಪಿಸಿ ಹಳದಿ ಗುಳಿಗೆಗಳನ್ನೇ ಕದ್ದು ತಿಂದು ಬದುಕುತ್ತದೆ. ಸಸ್ಯಾಹಾರವನ್ನೇ ಮುಖ್ಯವಾಗಿ ನೆಚ್ಚಿಕೊಂಡ ಜೇಡ ಎಂದರೆ ಅಪರೂಪದಲ್ಲಿ ಅಪರೂಪ.

ಕೆಲವು ಕಡೆ ಇರುವೆಯೇ ಮರದ ಹೂ ಕಡಿಯುತ್ತದೆ. ಅಮೆಜಾನ್ ಕಾಡಿನ ಕಾರ್ಡಿಯಾ ನೋಡೋಸಾ ಗಿಡದಲ್ಲಿರುವ ಅಲೋಮೆರಸ್ ಇರುವೆ ಎಲೆಗಳನ್ನು ಚೆನ್ನಾಗಿ ಕಾಯುತ್ತದೆ, ಮೊಗ್ಗುಗಳನ್ನು ಕಿತ್ತು ಹಾಕುತ್ತದೆ. ಗಿಡ ಬೆಳೆಯುತ್ತದೆ, ಬೀಜ ಕಟ್ಟುವುದಿಲ್ಲ. ಕೀನ್ಯಾದ ಶಿಳ್ಳೆಮುಳ್ಳಿನಲ್ಲೂ ಕ್ರೆಮಾಟೊಗ್ಯಾಸ್ಟರ್ ನಿಗ್ರಿಸೆಪ್ಸ್ ಎಂಬುದು ಹೀಗೆ ಮಾಡುತ್ತದೆ.

ಇದಕ್ಕೆಲ್ಲ ಮರದ ಹತ್ತಿರ ಉತ್ತರವಿದೆ. ಆ ಉತ್ತರಗಳನ್ನು ಓದಿದಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು. ಮಲೇಷ್ಯಾ, ಬೋರ್ನಿಯೋ ಕಡೆಯ ಕೆಲವು ಮಕರಂಗಾ ಮರಗಳ ಕಾಂಡದ ಮೇಲೆ ಬಿಳಿ ಮೇಣದ ಪುಡಿ ಇರುತ್ತದೆ. ಹೊರಗಿನ ಇರುವೆ ಹತ್ತಲು ಹೋದರೆ ಜಾರಿ ಬೀಳುತ್ತದೆ. ಮರದ ಸ್ವಂತ ಇರುವೆಗಳು ಮಾತ್ರ ಅದರ ಮೇಲೆ ಸರಾಗವಾಗಿ ಓಡಾಡುತ್ತವೆ. ಬಾಗಿಲಲ್ಲೇ ಆಯ್ಕೆ ಮುಗಿಯಿತು. ಕಾರ್ಡಿಯಾದಲ್ಲಿ ಇನ್ನೊಂದು ಉಪಾಯ. ಯಾವ ಚಿಗುರನ್ನು ಇರುವೆ ಕಾಯಲಿಲ್ಲವೋ, ಹುಳ ತಿಂದಿತೋ, ಆ ಚಿಗುರಿನ ಬುಡದಲ್ಲಿರುವ ಇರುವೆ ಮನೆ ಒಣಗಿ ಹೋಗುವ ಸಂಭವ ಜಾಸ್ತಿ. ಕೆಲಸ ಮಾಡದಿದ್ದರೆ ಮನೆ ಇಲ್ಲ. ಅಮೆಜಾನಿನ ಹಿರ್ಟೆಲ್ಲಾ ಮಿರ್ಮೆಕೋಫಿಲಾ ಎಂಬ ಗಿಡ ಹಳೆಯ ಎಲೆಗಳ ಮೇಲಿನ ಇರುವೆ ಚೀಲಗಳನ್ನು ಉದುರಿಸಿಬಿಡುತ್ತದೆ. ಇರುವೆಗಳು ಎಳೆ ಎಲೆಗಳತ್ತ ಸರಿಯುತ್ತವೆ. ಇರುವೆ ಇಲ್ಲದ ಹಳೆ ಕೊಂಬೆಯಲ್ಲಿ ಗಿಡ ನೆಮ್ಮದಿಯಾಗಿ ಹೂ ಬಿಡುತ್ತದೆ.

ಎಲ್ಲಕ್ಕಿಂತ ಗಾಢವಾದ ಹಿಡಿತ ಗೂಳಿಕೊಂಬಿನ ಜಾಲಿಯ ಸಿಹಿರಸದಲ್ಲಿದೆ. ಇದನ್ನು ಬಿಡಿಸಿದ್ದು ಮಾರ್ಟಿನ್ ಹೈಲ್ ಅವರ ತಂಡ. ಸಾಮಾನ್ಯ ಸಿಹಿರಸದಲ್ಲಿ ಸುಕ್ರೋಸ್ ಇರುತ್ತದೆ. ನಾವು ಬಳಸುವ ಸಕ್ಕರೆಯೂ ಅದೇ. ಅದನ್ನು ಒಡೆದು ಅರಗಿಸಲು ಇನ್ವರ್ಟೇಸ್ ಎಂಬ ಕಿಣ್ವ ಬೇಕು. ಈ ಜಾಲಿ ತನ್ನ ರಸಕ್ಕೆ ಆ ಕಿಣ್ವವನ್ನು ತಾನೇ ಬೆರೆಸಿ, ಸುಕ್ರೋಸನ್ನು ಮೊದಲೇ ಒಡೆದು ಕೊಡುತ್ತದೆ. ಹೊರಗಿನ ಇರುವೆಗಳಿಗೆ ಈ ರಸ ಅಷ್ಟಾಗಿ ಹಿಡಿಸುವುದಿಲ್ಲ. ಮರದ ಇರುವೆಗೆ ಇದೇ ಬೇಕು, ಏಕೆಂದರೆ ಅದರ ಕೆಲಸಗಾರ ಇರುವೆಗಳ ಹೊಟ್ಟೆಯಲ್ಲಿ ಇನ್ವರ್ಟೇಸ್ ಕೆಲಸ ಮಾಡುವುದಿಲ್ಲ. ಬೇರೆ ಕಡೆ ಹೋದರೆ ಸುಕ್ರೋಸ್ ಅರಗುವುದಿಲ್ಲ.

ಇದು ವಿಕಾಸದಲ್ಲಿ ಇರುವೆ ಕಳೆದುಕೊಂಡ ಶಕ್ತಿ ಇರಬೇಕು ಎಂದು ಮೊದಲು ಅಂದುಕೊಂಡಿದ್ದರು. 2014ರಲ್ಲಿ ಬೇರೆಯೇ ವಿಷಯ ಹೊರಬಂತು. ಮರಿಯಾಗಿದ್ದಾಗ ಇರುವೆಯಲ್ಲಿ ಆ ಕಿಣ್ವ ಚೆನ್ನಾಗಿಯೇ ಇರುತ್ತದೆ. ದೊಡ್ಡದಾಗಿ ಹೊರಗೆ ಬಂದು ಮೊದಲ ಸಲ ಮರದ ರಸ ಕುಡಿದ ಮೇಲೆ ಅದು ನಿಲ್ಲುತ್ತದೆ. ರಸದಲ್ಲಿರುವ ಕೈಟಿನೇಸ್ ಎಂಬ ಪ್ರೋಟೀನು ಆ ಕಿಣ್ವವನ್ನು ತಡೆಯುತ್ತದೆ. ಅಂದರೆ ಬೀಜದ ಜೊತೆ ಇರುವೆ ಬರದಿದ್ದರೂ, ಹುಟ್ಟಿದ ಪ್ರತಿಯೊಂದು ಇರುವೆಯನ್ನೂ ಮರ ಮೊದಲ ಗುಟುಕಿನಲ್ಲೇ ತನ್ನ ಮೇಲೆ ಅವಲಂಬಿಸುವ ಹಾಗೆ ಮಾಡಿಕೊಳ್ಳುತ್ತದೆ. ಇದನ್ನು ಕ್ರೌರ್ಯ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಇರುವೆಗೆ ಆ ಮರ ಬಿಟ್ಟರೆ ಬೇರೆ ಊಟವೂ ಇಲ್ಲ, ಬೇರೆ ಮನೆಯೂ ಇಲ್ಲ. ಮರ ಉಳಿದರೆ ಅದೂ ಉಳಿಯುತ್ತದೆ.

ಅರ್ಧಕ್ಕೆ ನಿಂತವು

ಎಲ್ಲ ಜೋಡಿಗಳೂ ಇಷ್ಟು ದೂರ ಬಂದಿಲ್ಲ. ಭಾರತದ ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ಹಂಬೋಲ್ಟಿಯಾ ಬ್ರುನೋನಿಸ್ ಎಂಬ ಸಣ್ಣ ಮರದ ಕೆಲವು ಗೆಣ್ಣುಗಳ ನಡುವೆ ಕೊಂಬೆ ಉಬ್ಬಿ ಟೊಳ್ಳಾಗಿರುತ್ತದೆ. ಅದರಲ್ಲಿ ತಾನಾಗಿಯೇ ತೆರೆದ ಸೀಳು ಇರುತ್ತದೆ, ಯಾರೂ ಕೊರೆಯಬೇಕಿಲ್ಲ. ಹಾಗಾಗಿ ಯಾರು ಬೇಕಾದರೂ ಒಳಗೆ ಬರುತ್ತಾರೆ. ಹಲವು ಜಾತಿಯ ಇರುವೆಗಳು ಇರುತ್ತವೆ, ಮರ ಹತ್ತುವ ಒಂದು ಎರೆಹುಳ ಕೂಡ ಇರುತ್ತದೆ. ಇನ್ನೂ ವಿಚಿತ್ರ ಎಂದರೆ ಅದೇ ಜಾತಿಯ, ಅದೇ ಕಾಡಿನ ಎಲ್ಲ ಮರಗಳಿಗೂ ಈ ಮನೆ ಇಲ್ಲ. ಕೆಲವಕ್ಕೆ ಇದೆ, ಕೆಲವಕ್ಕೆ ಇಲ್ಲ.

ರೆನೀ ಬೋರ್ಜೆಸ್ ಮತ್ತು ಸಂಗಡಿಗರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಒಳಗಿರುವ ಇರುವೆಗಳಲ್ಲಿ ಕಾಯುವಂಥವು ಕಡಿಮೆ, ಅದೂ ಎಲ್ಲ ಕಡೆ ಅಲ್ಲ. ಆದರೂ ಮನೆ ಇರುವ ಮರಗಳು ಜಾಸ್ತಿ ಕಾಯಿ ಬಿಡುತ್ತವೆ. ಒಳಗಿರುವವರ ಹಿಕ್ಕೆ, ಕಸದಿಂದ ಮರಕ್ಕೆ ಸಾರಜನಕ ಸಿಗುತ್ತದೆ ಎಂದು 2014ರಲ್ಲಿ ತೋರಿಸಿದರು. ಎರೆಹುಳ ಕೂಡ ಬಾಡಿಗೆ ಕೊಡುತ್ತದೆ. ಹಾಗಾಗಿ ಕಾವಲೇ ಎಲ್ಲ ಒಡನಾಟದ ಮೂಲ ಎಂದು ಹೇಳಲಾಗದು. ಎಲ್ಲೋ ಗೊಬ್ಬರದ ಲಾಭದಿಂದ ಶುರುವಾಗಿ ಮುಂದೆ ಕಾವಲು ಸೇರಿಕೊಂಡಿರಬಹುದು. ನನಗೆ ಗೂಳಿಕೊಂಬಿನ ಜಾಲಿಯಷ್ಟೇ ಈ ಮರವೂ ಬೆಲೆಯುಳ್ಳದ್ದು. ಅಲ್ಲಿ ಮುಗಿದ ಕಟ್ಟಡ ಕಾಣುತ್ತದೆ, ಇಲ್ಲಿ ಅರ್ಧ ಎದ್ದ ಗೋಡೆ ಕಾಣುತ್ತದೆ. ಕಟ್ಟುವುದು ಹೇಗೆ ಎಂದು ತಿಳಿಯಲು ಅರ್ಧ ಎದ್ದ ಗೋಡೆಯನ್ನೇ ನೋಡಬೇಕು.

ಇರುವೆಯ ಕೈ ಮೇಲಾದ ಜೋಡಿಯೂ ಇದೆ. ಪೆರುವಿನ ಅಮೆಜಾನ್ ಕಾಡಿನಲ್ಲಿ ಡ್ಯುರೋಯಾ ಹಿರ್ಸುಟಾ ಎಂಬ ಒಂದೇ ಜಾತಿಯ ಮರಗಳ ತೋಪುಗಳಿವೆ. ಸುತ್ತ ನೂರಾರು ಜಾತಿಯ ದಟ್ಟ ಕಾಡು, ನಡುವೆ ಇದೊಂದೇ ಮರ. ಸ್ಥಳೀಯರು ಇದನ್ನು ದೆವ್ವದ ತೋಟ ಎನ್ನುತ್ತಾರೆ. 2005ರಲ್ಲಿ ಮೇಗನ್ ಫ್ರೆಡರಿಕ್ಸನ್ ಮತ್ತು ಜೊತೆಗಾರರು ತೋಟಗಾರನನ್ನು ಪತ್ತೆ ಮಾಡಿದರು. ಮರದಲ್ಲಿರುವ ಸಣ್ಣ ಇರುವೆ ಬೇರೆ ಗಿಡಗಳ ಎಲೆಗೆ ಫಾರ್ಮಿಕ್ ಆಮ್ಲ ಚುಚ್ಚಿ ಒಣಗಿಸುತ್ತದೆ. 328 ಮರಗಳಿದ್ದ ಒಂದು ತೋಟದ ವಯಸ್ಸು 800 ವರ್ಷ ದಾಟಿರಬಹುದು ಎಂದು ಲೆಕ್ಕ ಹಾಕಿದರು.

ಬೇಡವಾದಾಗ ಬಿಟ್ಟುಹೋಗುವುದು

43 ಸಲ ಕಳೆದುಹೋಗಿದೆ ಎಂದೆನಲ್ಲ. ಹೇಗೆ ಕಳೆಯುತ್ತದೆ ಎಂದು ನೋಡಲು ದ್ವೀಪಗಳಿಗೆ ಹೋಗಬೇಕು. ಮಧ್ಯ ಮತ್ತು ದಕ್ಷಿಣ ಅಮೆರಿಕದ ಸೆಕ್ರೋಪಿಯಾ ಮರದ ಕಾಂಡ ಬಿದಿರಿನಂತೆ ಟೊಳ್ಳು. ಅದರಲ್ಲಿ ಅಜ್ಟೆಕಾ ಇರುವೆಗಳ ವಾಸ. ಗೋಡೆಯ ಒಂದು ಕಡೆ ತೆಳ್ಳಗಿನ ಚುಕ್ಕೆ ಬಿಟ್ಟಿರುತ್ತದೆ ಮರ, ರಾಣಿ ಅಲ್ಲೇ ಕೊರೆದು ಒಳಗೆ ಹೋಗಲಿ ಎಂದು. ಎಲೆ ತೊಟ್ಟಿನ ಬುಡದ ಕಂದು ವೆಲ್ವೆಟ್ ಮೆತ್ತೆಯಲ್ಲಿ ಬಿಳಿ ಗುಳಿಗೆಗಳು ಮೂಡುತ್ತವೆ. ಅದರಲ್ಲಿ ಗ್ಲೈಕೋಜೆನ್ ಇದೆ. ಗ್ಲೈಕೋಜೆನ್ ಎಂದರೆ ಪ್ರಾಣಿಗಳು ತಮ್ಮ ಮೈಯಲ್ಲಿ ಕೂಡಿಡುವ ಸಕ್ಕರೆ. ಗಿಡಗಳಲ್ಲಿ ಅದು ಸಿಗುವುದು ತೀರಾ ಅಪರೂಪ. ಪ್ರಾಣಿಗೆ ಪ್ರಾಣಿಯ ಆಹಾರವನ್ನೇ ಮರ ಮಾಡಿ ಬಡಿಸುತ್ತಿದೆ.

ಆದರೆ ಪೋರ್ಟೊರಿಕೋ ದ್ವೀಪದ ಸೆಕ್ರೋಪಿಯಾದಲ್ಲಿ ಇರುವೆ ವಾಸವಿಲ್ಲ. ಅಲ್ಲಿ ಆ ಗುಳಿಗೆಯ ಮೆತ್ತೆಗಳೂ ಇಲ್ಲ. ಕೆರಿಬಿಯನ್ ದ್ವೀಪಗಳಲ್ಲಿ ಒಂದೊಂದಾಗಿ ನೋಡಿದರೆ ಈ ಗುಣಗಳು ಹಂತ ಹಂತವಾಗಿ ಮಾಯವಾಗಿರುವುದು ಕಾಣುತ್ತದೆ. ಇರುವೆ ಸಿಗದ ಕಡೆ ಅಥವಾ ಶತ್ರು ಕಡಿಮೆ ಇರುವ ಕಡೆ ಸಂಬಳ ಕೊಡುವುದು ದಂಡದ ಖರ್ಚು. ಇರುವೆಗಳು ವಿರಳವಾದ ಎತ್ತರದ ಬೆಟ್ಟಗಳಲ್ಲೂ ಹೀಗೇ ಆಗಿದೆ. ಯಾವ ಇರುವೆ ಬಂದರೂ ಸೈ ಎನ್ನುತ್ತಿದ್ದ ಗಿಡಗಳು ಅಲ್ಲಿ ಮನೆ ಕೊಡುವುದನ್ನು ಬಿಟ್ಟಿವೆ.

ಇದಕ್ಕೆ ಲಕ್ಷಾಂತರ ವರ್ಷಗಳೇ ಬೇಕು ಎಂದುಕೊಳ್ಳುವ ಹಾಗಿಲ್ಲ. ಕೀನ್ಯಾದಲ್ಲಿ 1995ರಿಂದ ಕೆಲವು ತುಂಡು ನೆಲಕ್ಕೆ ಬೇಲಿ ಹಾಕಿ ಆನೆ, ಜಿರಾಫೆಗಳು ಬರದಂತೆ ಮಾಡಿದ್ದರು. ಮರಗಳಿಗೆ ಒಳ್ಳೆಯದಾಗಬೇಕಿತ್ತು ಅಲ್ವಾ? 2008ರಲ್ಲಿ ಟಾಡ್ ಪಾಮರ್ ತಂಡ ಫಲಿತಾಂಶ ಹೇಳಿತು. ತಿನ್ನುವವರು ಇಲ್ಲವೆಂದು ಮರಗಳು ಊದಿದ ಮುಳ್ಳು, ಸಿಹಿರಸ ಎರಡನ್ನೂ ಕಡಿಮೆ ಮಾಡಿದ್ದವು. ಒಳ್ಳೆಯ ಕಾವಲಿನ ಇರುವೆ ಸೊರಗಿತು, ಮರದ ರಸ ಹೀರುವ ಶಲ್ಕ ಕೀಟಗಳನ್ನು ಸಾಕತೊಡಗಿತು. ಅದರ ಜಾಗಕ್ಕೆ ಕ್ರೆಮಾಟೊಗ್ಯಾಸ್ಟರ್ ಸ್ಯೋಸ್ಟೆಡ್ಟಿ ಬಂತು. ಇದು ಮುಳ್ಳಿನಲ್ಲಿ ಇರುವುದಿಲ್ಲ, ಕಾಂಡಕೊರಕ ದುಂಬಿ ಮಾಡಿದ ಬಿಲದಲ್ಲಿ ಇರುತ್ತದೆ. ಹಾಗಾಗಿ ದುಂಬಿಯನ್ನು ತಡೆಯುವುದಿಲ್ಲ. ಮರಗಳು ನಿಧಾನ ಬೆಳೆದವು, ಜಾಸ್ತಿ ಸತ್ತವು. ಶತ್ರುವನ್ನು ದೂರ ಇಟ್ಟ ಹತ್ತೇ ವರ್ಷಗಳಲ್ಲಿ ಕಾವಲುಗಾರ ಹೋದ, ಮರಕ್ಕೂ ಕೇಡಾಯಿತು. ಆನೆಯಿಂದ ಮರವನ್ನು ಉಳಿಸಲು ಬೇಲಿಯೊಂದೇ ಸಾಕು ಎನ್ನುವವರು ಈ ಫಲಿತಾಂಶವನ್ನು ಓದಲೇಬೇಕು.

ಇದರ ಜೊತೆಗೆ ಇನ್ನೊಂದು ಮಾತು. ಯಾವುದು ಒಳ್ಳೆಯ ಇರುವೆ, ಯಾವುದು ಕೆಟ್ಟದ್ದು ಎಂದು ಬೇಗ ತೀರ್ಪು ಕೊಡಬಾರದು. ಒಂದು ಶಿಳ್ಳೆಮುಳ್ಳಿನ ಮರ ತನ್ನ ಆಯಸ್ಸಿನಲ್ಲಿ ಹಲವು ಜಾತಿಯ ಇರುವೆಗಳನ್ನು ಕಾಣುತ್ತದೆ. ಪಾಮರ್ ತಂಡ 2010ರಲ್ಲಿ ಮರದ ಇಡೀ ಜೀವನದ ಲೆಕ್ಕ ಹಾಕಿತು. ಹೂ ಕಡಿಯುವ ಇರುವೆಯೂ ಸೇರಿದಂತೆ ಒಂದರ ನಂತರ ಒಂದು ಬಂದುಹೋದರೆ, ಒಂದೇ ಉತ್ತಮ ಇರುವೆ ಕೊನೆತನಕ ಇದ್ದುದಕ್ಕಿಂತ ಮರಕ್ಕೆ ಲಾಭ. ಎಳೆ ಮರಕ್ಕೆ ಮೊದಲು ಬದುಕುಳಿಯಬೇಕು, ಹೂವಿನ ಕಾಲ ಆಮೇಲೆ.

ದೊಡ್ಡತಲೆ ಇರುವೆ ಈ ಲೆಕ್ಕದ ಹೊರಗಿನದು. ಅದು ಮುಳ್ಳಿನ ಮನೆಯನ್ನೂ ಕೇಳುವುದಿಲ್ಲ, ಸಂಬಳಕ್ಕೂ ಕಾಯುವುದಿಲ್ಲ. ಮರದ ಹತ್ತಿರ ಅದನ್ನು ಹಿಡಿತದಲ್ಲಿಡುವ ಯಾವ ಉಪಾಯವೂ ಇಲ್ಲ. ಹೊರಗಿನ ಇರುವೆ ಸೇರದಂತೆ ನೋಡಿಕೊಳ್ಳುವುದು ಮನುಷ್ಯರ ಕೈಯಲ್ಲಿತ್ತು, ಈಗಲೂ ಹೊಸ ಜಾಗಗಳ ಮಟ್ಟಿಗೆ ಇದೆ. ಮಣ್ಣು, ಸಸಿ, ಸರಕಿನ ಜೊತೆ ಅದು ಸಾಗುತ್ತದೆ. ಸಣ್ಣ ಜಾಗದಲ್ಲಿ ವಿಷದ ತಿನಿಸಿಟ್ಟು ಅದನ್ನು ಅಳಿಸಬಹುದು. ಸಾವಿರಾರು ಎಕರೆ ಬಯಲಿನಲ್ಲಿ ಅದು ಬಹಳ ಕಷ್ಟ. ಅಷ್ಟು ದೊಡ್ಡ ಪ್ರದೇಶದಲ್ಲಿ ವಿಷ ಹಾಕಿದರೆ ಉಳಿಸಬೇಕಾದ ಇರುವೆಗಳೂ ಸಾಯುತ್ತವೆ. ಹಾಗಾಗಿ ಇರುವೆ ಇಲ್ಲದ ಮರಗಳನ್ನು ಸ್ವಲ್ಪ ಕಾಲ ಆನೆಯಿಂದ ಕಾಪಾಡುವ ಮಾತು ಬರುತ್ತದೆ. ಬೇಲಿಯ ಕಥೆ ಏನಾಯಿತೆಂದು ಮೇಲೆ ನೋಡಿದೆವು, ಆದರೆ ಕಾವಲಿಗೆ ಇರುವೆಯೇ ಉಳಿಯದ ಕಡೆ ಅದೂ ಬೇಕಾಗಬಹುದು.

ದೊಡ್ಡತಲೆ ಇರುವೆಯ ಅಂಚು ವರ್ಷಕ್ಕೆ ಸುಮಾರು 50 ಮೀಟರ್ ಮುಂದೆ ಸರಿಯುತ್ತದೆ. ಆ ಅಂಚಿನ ಈಚೆ ಬದಿಯಲ್ಲಿ ಮುರಿದ ಮರಗಳ ನಡುವೆ ಹೊಸ ಸಸಿಗಳು ಏಳುತ್ತವೆ. ಕಾವಲುಗಾರ ಇರುವೆ ಅಲ್ಲಿಲ್ಲ ಎಂದು ಸಸಿಗೆ ತಿಳಿಯುವುದಿಲ್ಲ. ವಯಸ್ಸು ಬಂದಾಗ ಅದು ತನ್ನ ಮೊದಲ ಮುಳ್ಳನ್ನು ಊದಿಸುತ್ತದೆ, ಎಲೆಯ ಬುಡದಲ್ಲಿ ಒಂದು ತೊಟ್ಟು ಸಿಹಿ ಜಿನುಗಿಸುತ್ತದೆ.